ಹಳೆ ಕೊಟ್ಟಿಗೆಯ ಮುಂದೆ ಒಂದು ಮಧ್ಯಾಹ್ನ: ನೋಡಿ, ಬರೆದು, ಆಮೇಲೆ ವಾಕ್ಯ ತೆರೆಯುವುದು ಹೇಗೆ?

ಬಣ್ಣ ಮಾಸಿ ಒಂದು ಕಡೆ ವಾಲಿದ ಹಳೆ ಕೊಟ್ಟಿಗೆ ಕಂಡರೆ ಚಿತ್ರ ಬರೆಯುವವರ ಕೈ ಸುಮ್ಮನಿರುವುದಿಲ್ಲ. ದಿನಾ ಸತ್ಯವೇದ (ಬೈಬಲ್) ಓದುವವರಿಗೆ ತಟ್ಟನೆ ಮಗು ಯೇಸುವನ್ನು ಮಲಗಿಸಿದ ಗೋದಲಿ ನೆನಪಾಗುತ್ತದೆ. ಎರಡೂ ಒಬ್ಬರಲ್ಲೇ ಸೇರಿದರೆ ಏನಾಗುತ್ತದೆ ಗೊತ್ತಲ್ವಾ? ಕೆಂಪು ಕೊಟ್ಟಿಗೆ, ಹಿಂದೆ ಸೂರ್ಯಾಸ್ತ, ನೆತ್ತಿಯ ಮೇಲೊಂದು ಶಿಲುಬೆ, ಕೆಳಗೆ ಅಂದವಾದ ಅಕ್ಷರದಲ್ಲಿ ಸತ್ಯವೇದದ ಒಂದು ವಾಕ್ಯ. ಕ್ಯಾಲೆಂಡರಿಗೆ ಸರಿ. ಆದರೆ ಅದನ್ನು ಬರೆಯಲು ಕೊಟ್ಟಿಗೆಯ ಹತ್ತಿರ ಹೋಗಬೇಕಾಗಿಯೇ ಇರಲಿಲ್ಲ.

ನಾನು ಹೇಳುವುದು ಬೇರೆ ದಾರಿ. ಮೊದಲು ನೋಡುವುದು, ಆಮೇಲೆ ಬರೆಯುವುದು, ಕೊನೆಗೆ ವಾಕ್ಯ ತೆರೆಯುವುದು. ಈ ಕ್ರಮ ಬಿಡಬೇಡಿ. ವಾಕ್ಯ ಮೊದಲೇ ತಲೆಯಲ್ಲಿ ಕೂತಿದ್ದರೆ ಕಣ್ಣು ಅದಕ್ಕೆ ಬೇಕಾದಷ್ಟನ್ನೇ ಹುಡುಕುತ್ತದೆ. ಉಳಿದದ್ದು ಎದುರಿಗಿದ್ದರೂ ಕಾಣುವುದಿಲ್ಲ.

ಪದದ ಬಗ್ಗೆ ಒಂದು ಮಾತು. ಇಂಗ್ಲಿಷಿನ ‘ಬಾರ್ನ್’ಗೆ ನಮ್ಮಲ್ಲಿ ಒಂದೇ ಪದ ಇಲ್ಲ. ದನ ಕಟ್ಟುವ ಕೊಟ್ಟಿಗೆ, ಕಾಳು ತುಂಬುವ ಕಣಜ, ಹುಲ್ಲು ಒಟ್ಟುವ ಅಟ್ಟ, ತೆನೆ ಬಡಿಯುವ ಕಣ, ಇವೆಲ್ಲ ಒಂದೇ ಸೂರಿನಡಿ ಇದ್ದರೆ ಅದು ಬಾರ್ನ್. ಇಲ್ಲಿ ಸುಮ್ನೆ ಕೊಟ್ಟಿಗೆ ಎನ್ನುತ್ತೇನೆ. ಆದರೆ ಆ ನಾಲ್ಕು ಪದ ನೆನಪಿರಲಿ. ಸತ್ಯವೇದದಲ್ಲಿ ಕೊಟ್ಟಿಗೆ, ಕಣಜ, ಕಣ ಬೇರೆ ಬೇರೆ ಕಡೆ ಬರುತ್ತವೆ, ಅಲ್ಲಿ ಒಂದೊಂದರ ಅರ್ಥವೂ ಬೇರೆ.

ಹೆಜ್ಜೆ 1: ಒಂದೇ ಕೊಟ್ಟಿಗೆ ಸಾಕು

ಹತ್ತು ಕೊಟ್ಟಿಗೆ ಸುತ್ತಿ ಹತ್ತು ಚಿತ್ರ ಮಾಡುವ ಆಸೆ ಬೇಡ. ಮತ್ತೆ ಮತ್ತೆ ಹೋಗಿಬರಲು ಆಗುವಂಥ ಒಂದನ್ನು ಆರಿಸಿಕೊಳ್ಳಿ. ಅಮೆರಿಕದ ಚಿತ್ರಕಾರ ಆಂಡ್ರ್ಯೂ ವೈಯೆತ್ ಪೆನ್ಸಿಲ್ವೇನಿಯಾದ ಚಾಡ್ಸ್ ಫೋರ್ಡ್‌ನಲ್ಲಿ ತನ್ನ ಮನೆಗೆ ನಡೆದು ಹೋಗುವಷ್ಟು ಹತ್ತಿರವಿದ್ದ ಕರ್ನರ್ ಕುಟುಂಬದ ಹೊಲಮನೆಯನ್ನು ಹದಿಹರೆಯದಲ್ಲೇ ಬರೆಯಲು ಶುರುಮಾಡಿದ. ಆಮೇಲೆ ದಶಕಗಟ್ಟಲೆ ಅಲ್ಲಿಗೇ ಹೋದ. ಅದೇ ಗುಡ್ಡ, ಅದೇ ಮನೆ, ಅದೇ ಕೊಟ್ಟಿಗೆ.

ಅಪ್ಪಣೆ ಕೇಳದೆ ಒಳಗೆ ಕಾಲಿಡಬೇಡಿ. ಬೇಲಿಯ ಆಚೆಯಿಂದ ಬರೆಯುವುದಾದರೂ ಒಂದು ಮಾತು ಹೇಳಿ ಕೂರುವುದು ವಾಸಿ. ಹಾಗೆ ಕೇಳುವಾಗ ಇನ್ನೊಂದನ್ನೂ ಕೇಳಿ: “ಇದರೊಳಗೆ ಕೊನೆಗೆ ಇಟ್ಟಿದ್ದು ಏನು?” ಎಷ್ಟು ವರ್ಷದ್ದು, ಯಾರು ಕಟ್ಟಿದ್ದು ಎಂದೆಲ್ಲ ಕೇಳಿದರೆ ಜನ ಇಸವಿ ಹೇಳಿ ಸುಮ್ಮನಾಗುತ್ತಾರೆ. ಕೊನೆಗೆ ಇಟ್ಟಿದ್ದು ಏನು ಅಂದರೆ ಮಾತು ಬೇರೆ ದಾರಿ ಹಿಡಿಯುತ್ತದೆ. ಯಾವ ಹಸು, ಯಾರ ಕಾಲದ ಹುಲ್ಲು, ಯಾವಾಗ ಎಲ್ಲ ಮಾರಿದ್ದು, ಒಂದೊಂದೇ ಹೊರಬರುತ್ತದೆ.

ಒಳಗೆ ಹೋಗಲು ಬಿಟ್ಟರೂ ಅಟ್ಟ ಹತ್ತಬೇಡಿ, ಅದರ ಕೆಳಗೆ ಕೂರಲೂ ಬೇಡಿ. ಹಲಗೆ ಮೇಲಿಂದ ಗಟ್ಟಿ ಕಂಡರೂ ಒಳಗೆ ಪೊಳ್ಳಾಗಿರಬಹುದು. ದಪ್ಪ ಅಟ್ಟೆಯ ಬೂಟು ಹಾಕಿಕೊಳ್ಳಿ, ನೆಲದ ತುಂಬ ಮೊಳೆ ಇರುತ್ತವೆ. ಇಲಿ ಹಿಕ್ಕೆಯ ಧೂಳಿಗೆ ಮಾಸ್ಕ್ ಬೇಕು. ಜಂತೆಯಲ್ಲಿ ಕುಟುಕುವ ಕಣಜದ ಹುಳು ಗೂಡು ಕಟ್ಟಿದೆಯಾ ಅಂತ ಕತ್ತೆತ್ತಿ ನೋಡಿ. ಹಕ್ಕಿ ಮರಿ ಮಾಡಿದ್ದರೆ ಆ ಮೂಲೆ ಅವುಗಳದ್ದು, ನೀವು ಬೇರೆ ಮೂಲೆ ನೋಡಿಕೊಳ್ಳಿ.

ಹೆಜ್ಜೆ 2: ಚೀಲ

ಹಗುರವಾಗಿರಲಿ. ಒಂದು ಸ್ಕೆಚ್ ಪುಸ್ತಕ, 2ಬಿ ಮತ್ತು 6ಬಿ ಪೆನ್ಸಿಲ್, ರಬ್ಬರ್. ಜಲವರ್ಣ ಬೇಕೆಂದರೆ ನಾಲ್ಕೇ ಬಣ್ಣ: ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ (ಕೆಂಗಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಲೈಟ್ ರೆಡ್. ಒಂದು ಒಳ್ಳೆ ಕುಂಚ, ಕೂದಲು ಕೆದರಿದ ಒಂದು ಹಳೆ ಕುಂಚ. ಈ ಹಳೆಯದನ್ನು ಎಸೆಯಬೇಡಿ, ಆಮೇಲೆ ಬೇಕಾಗುತ್ತದೆ. ಮಡಚುವ ಸ್ಟೂಲು, ನೀರು. ಸತ್ಯವೇದ ಚೀಲದ ಅಡಿಯಲ್ಲಿರಲಿ, ಈಗಲೇ ತೆಗೆಯುವುದು ಬೇಡ. ಫೋನ್ ಅದಕ್ಕಿಂತಲೂ ಅಡಿಗೆ.

ಹೆಜ್ಜೆ 3: ಇಪ್ಪತ್ತು ನಿಮಿಷ ಏನೂ ಮಾಡಬೇಡಿ

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದೇ. ಮೊದಲ ಐದು ನಿಮಿಷ ಬೇಜಾರು. ಹತ್ತನೇ ನಿಮಿಷಕ್ಕೆ ಮನಸ್ಸು ಮನೆಗೆ ಹೋಗಿ ಕೆಲಸ ಮುಗಿಸಿ ಬರುತ್ತದೆ. ಆಮೇಲೆ ಒಂದೊಂದೇ ಕಾಣಲು ಶುರುವಾಗುತ್ತದೆ.

ಹಲಗೆಗಳ ನಡುವಿನ ಸಂದು ನೋಡಿ. ಒಳಗೆ ನಿಂತರೆ ಅವುಗಳಿಂದ ಬಿಸಿಲು ಪಟ್ಟಿ ಪಟ್ಟಿಯಾಗಿ ಇಳಿಯುತ್ತದೆ, ಧೂಳು ಅದರಲ್ಲಿ ತೇಲುತ್ತದೆ. ಕೊಟ್ಟಿಗೆ ಹಾಳಾದ್ದರಿಂದ ಬಿರುಕು ಬಿಟ್ಟಿದೆ ಅಂದುಕೊಳ್ಳುತ್ತೇವೆ. ಅರ್ಧ ನಿಜ. ಹಸಿ ಹಲಗೆ ಹೊಡೆದಿದ್ದರೆ ಒಣಗಿದಾಗ ಕುಗ್ಗುತ್ತದೆ. ಆದರೆ ಎಷ್ಟೋ ಕಡೆ ಸಂದು ಬೇಕೆಂದೇ ಬಿಟ್ಟದ್ದು. ಹುಲ್ಲಿಗೆ ಗಾಳಿ ಆಡಬೇಕು. ತೇವ ಇರುವ ಹುಲ್ಲನ್ನು ಒತ್ತಿ ಒಟ್ಟಿದರೆ ಒಳಗೊಳಗೇ ಕಾವೇರುತ್ತದೆ. ಯಾರೂ ಕಿಡಿ ತಾಗಿಸದೆ ತಾನಾಗಿ ಹೊತ್ತಿಕೊಂಡು ಇಡೀ ಕೊಟ್ಟಿಗೆ ಸುಟ್ಟುಹೋಗುವುದೂ ಉಂಟು. ಹಾಗಾಗಿ ಬೆಳಕು ಬರುವ ಆ ಸಂದು ಕೊಟ್ಟಿಗೆಯನ್ನು ಕಾಪಾಡಿದ ಸಂದು.

ಕಂಬ ಮತ್ತು ತೊಲೆ ಸೇರುವ ಜಾಗ ನೋಡಿ. ಹಳೆಯವುಗಳಲ್ಲಿ ಅಲ್ಲಿ ಕಬ್ಬಿಣ ಇರುವುದಿಲ್ಲ. ಒಂದು ಮರದಲ್ಲಿ ತೂತು, ಇನ್ನೊಂದರಲ್ಲಿ ಅದಕ್ಕೆ ಸರಿಯಾದ ನಾಲಿಗೆ, ಎರಡನ್ನೂ ಹಿಡಿಯಲು ಅಡ್ಡಲಾಗಿ ಹೊಡೆದ ಮರದ ಗೂಟ. ಕೆಲವು ಕಡೆ ಕಚ್ಚಿನ ಪಕ್ಕ ರೋಮನ್ ಅಂಕಿಯಂಥ ಗೀರುಗಳಿರುತ್ತವೆ. ಮೊದಲ ಸಲ ನೋಡಿದಾಗ ಮಕ್ಕಳು ಚಾಕುವಿನಲ್ಲಿ ಗೀಚಿದ್ದು ಅಂದುಕೊಂಡಿದ್ದೆ. ಅದು ಬಡಗಿಯ ಗುರುತು. ನೆಲದ ಮೇಲೆ ಜೋಡಿಸಿ ನೋಡಿ, ಬಿಚ್ಚಿ, ಎತ್ತಿ ನಿಲ್ಲಿಸುವಾಗ ಯಾವ ನಾಲಿಗೆ ಯಾವ ತೂತಿಗೆ ಅಂತ ತಿಳಿಯಬೇಕಲ್ಲ. ಪ್ರತಿ ಕಚ್ಚನ್ನೂ ಅದರ ಜೋಡಿಗಾಗಿ ಮಾತ್ರ ಕೆತ್ತಿದ್ದು. ಪಕ್ಕದ ಕಂಬಕ್ಕೆ ಅದು ಕೂರುವುದಿಲ್ಲ.

ಒಳಗೆ ಎರಡು ಸಾಲು ಕಂಬ, ನಡುವೆ ಅಗಲವಾದ ದಾರಿ ಇದ್ದರೆ ಅಯ್ಯೋ, ಥೇಟ್ ಚರ್ಚಿನ ಹಾಗಿದೆ ಅನ್ನಿಸುತ್ತದೆ. ಅನ್ನಿಸಲಿ. ಇಂಗ್ಲೆಂಡಿನ ಗ್ರೇಟ್ ಕಾಕ್ಸ್‌ವೆಲ್‌ನಲ್ಲಿ ಸಿಸ್ಟರ್ಶಿಯನ್ ಪಂಗಡದ ಕ್ರೈಸ್ತ ಸನ್ಯಾಸಿಗಳು 1300ರ ಆಸುಪಾಸಿನಲ್ಲಿ ಕಟ್ಟಿಸಿದ ಕಲ್ಲಿನ ಕಣಜ ಈಗಲೂ ನಿಂತಿದೆ. ಹತ್ತಿರದ ಕೆಲ್ಮ್‌ಸ್ಕಾಟ್‌ನಲ್ಲಿ ಮನೆ ಮಾಡಿದ್ದ ವಿನ್ಯಾಸಕಾರ ವಿಲಿಯಂ ಮಾರಿಸ್ ಅದನ್ನು ಕೆಥೆಡ್ರಲ್‌ಗೆ, ಅಂದರೆ ಬಿಷಪ್ಪರ ದೊಡ್ಡ ಚರ್ಚಿಗೆ, ಹೋಲಿಸುತ್ತಿದ್ದ. ಆದರೆ ಕಂಬಗಳು ಹಾಗಿರುವುದಕ್ಕೆ ಕಾರಣ ಸಾದಾ. ಅಗಲವಾದ ಚಾವಣಿಯನ್ನು ಎರಡು ಗೋಡೆಗಳಷ್ಟೇ ಹೊರಲಾರವು, ಒಳಗೆ ಎರಡು ಸಾಲು ಕಂಬ ಬೇಕು. ದೇವರ ಮನೆಗೂ ಕಾಳಿನ ಮನೆಗೂ ಬಡಗಿಯ ಲೆಕ್ಕ ಒಂದೇ. ನನಗೆ ಈ ಸಾದಾ ಕಾರಣವೇ ಹೆಚ್ಚು ಇಷ್ಟ.

ಹೆಜ್ಜೆ 4: ಬರೆಯುವುದು

ಅಂಗೈ ಅಗಲದ ಮೂರು ಚಿಕ್ಕ ಚಿತ್ರಗಳಿಂದ ಶುರುಮಾಡಿ, ಒಂದೊಂದಕ್ಕೆ ಮೂರು ನಿಮಿಷ. ಹಲಗೆ ಬೇಡ, ಮೊಳೆ ಬೇಡ. ಚಾವಣಿಯ ಆಕಾರ, ಗೋಡೆಯ ಆಕಾರ, ಬಾಗಿಲಿನ ಕತ್ತಲು, ಅಷ್ಟೇ. ಮೂರರಲ್ಲಿ ಯಾವುದರಲ್ಲಿ ಕತ್ತಲೂ ಬೆಳಕೂ ಚೆನ್ನಾಗಿ ಎದುರುಬದುರಾಗಿವೆಯೋ ಅದನ್ನು ದೊಡ್ಡದು ಮಾಡಿ.

ನನ್ನ ಮೊದಲ ಕೊಟ್ಟಿಗೆಯಲ್ಲಿ ಒಂದೊಂದು ಹಲಗೆಯನ್ನೂ ಎಣಿಸಿ ಬರೆದಿದ್ದೆ. ಎರಡು ಗಂಟೆ ಕೂತು ಎದ್ದು ನೋಡಿದರೆ ಕೊಟ್ಟಿಗೆ ಪಟ್ಟೆ ಪೈಜಾಮ ಹಾಕಿಕೊಂಡು ನಿಂತ ಹಾಗಿತ್ತು. ಆ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಏನನ್ನು ಬಿಡಬೇಕು ಅಂತ ತಿಳಿಯಬೇಕಾದರೆ ಜಾರ್ಜಿಯಾ ಓಕೀಫ್ ಅವರ ಚಿತ್ರ ನೋಡಿ. ವಿಸ್ಕಾನ್ಸಿನ್‌ನ ಹೈನುಗಾರರ ಮನೆಯಲ್ಲಿ 1887ರಲ್ಲಿ ಹುಟ್ಟಿದವರು. 1920ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್‌ನಲ್ಲಿ ಬೇಸಿಗೆ ಕಳೆಯುವಾಗ ಅಲ್ಲಿನ ಕೊಟ್ಟಿಗೆಗಳನ್ನು ಬರೆದರು. ದೊಡ್ಡ ದೊಡ್ಡ ಸಪಾಟಾದ ಆಕಾರಗಳು, ಬೂದು ಮತ್ತು ಕಂದು, ಪುಟ್ಟ ಕಿಟಕಿ. ಒಂದು ಹಸುವೂ ಇಲ್ಲ, ಹೂವೂ ಇಲ್ಲ. ಆದರೂ ಒಳಗಿನ ಮೌನ ಕೇಳಿಸುತ್ತದೆ.

ವಾಲಿದ್ದನ್ನು ನೆಟ್ಟಗೆ ಮಾಡಬೇಡಿ. ಕೈಗೆ ಅಭ್ಯಾಸದ ಚಟ ಇರುತ್ತದೆ, ಬಾಗಿದ ನೆತ್ತಿಯನ್ನೂ ಗೆರೆ ಎಳೆದ ಹಾಗೆ ಬರೆದುಬಿಡುತ್ತದೆ. ಪೆನ್ಸಿಲನ್ನು ತೋಳುದ್ದಕ್ಕೆ ಎತ್ತಿ ಹಿಡಿದು ಇಳಿಜಾರು ಅಳೆಯಿರಿ. ಚಾವಣಿ ನಡುವೆ ಎಷ್ಟು ಕುಸಿದಿದೆಯೋ ಅಷ್ಟೇ ಕುಸಿಯಲಿ. ಹೆಚ್ಚು ಕುಸಿಸಿ ನೋಡುವವರಿಗೆ ಕಣ್ಣೀರು ತರಿಸುವ ನಾಟಕವೂ ಬೇಡ.

ಬಣ್ಣದ ವಿಷಯ. ಹಳೆ ಮರದ ಬೂದು ಬಣ್ಣ ಕಪ್ಪು-ಬಿಳಿ ಬೆರೆಸಿದರೆ ಬರುವುದಿಲ್ಲ, ಸಿಮೆಂಟಿನ ಹಾಗೆ ಕಾಣುತ್ತದೆ. ಮರದ ನಾರುಗಳನ್ನು ಅಂಟಿನಂತೆ ಹಿಡಿದಿಡುವ ಲಿಗ್ನಿನ್ ಬಿಸಿಲಿಗೆ ಒಡೆಯುತ್ತದೆ, ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ, ಉಳಿಯುವುದು ನರೆತ ನಾರು. ಅದಕ್ಕೇ ಸೂರಿನ ನೆರಳಿನಲ್ಲಿರುವ ಹಲಗೆಯ ಮೇಲ್ಭಾಗ ಇನ್ನೂ ಕಂದಾಗಿರುತ್ತದೆ, ಮಳೆ ಬಡಿಯುವ ಕೆಳಭಾಗ ಬೆಳ್ಳಗಾಗಿರುತ್ತದೆ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಬೆರೆಸಿ. ನೀಲಿ ಜಾಸ್ತಿಯಾದರೆ ನೆರಳಿನ ಬೂದು, ಸಿಯೆನ್ನಾ ಜಾಸ್ತಿಯಾದರೆ ಸೂರಿನಡಿಯ ಕಂದು. ಎರಡೇ ಬಣ್ಣದಲ್ಲಿ ಇಡೀ ಗೋಡೆ ಮುಗಿಯುತ್ತದೆ.

ಕೆಂಪು ಕೊಟ್ಟಿಗೆಯಾದರೆ ಲೈಟ್ ರೆಡ್ ತೆಗೆಯಿರಿ. ಹಿಂದಿನವರು ಅಗಸೆ ಎಣ್ಣೆಗೆ ಕೆಮ್ಮಣ್ಣಿನ ಪುಡಿ ಕಲಸಿ ಬಳಿಯುತ್ತಿದ್ದರು. ಕೆಮ್ಮಣ್ಣಿನ ಕೆಂಪು ಅಂದರೆ ಕಬ್ಬಿಣದ ಆಕ್ಸೈಡ್, ಮೊಳೆಯ ತುಕ್ಕಿನ ಹತ್ತಿರದ ನೆಂಟ. ನಿಮ್ಮ ಪೆಟ್ಟಿಗೆಯ ಲೈಟ್ ರೆಡ್ ಕೂಡ ಅದೇ ಜಾತಿ.

ಈಗ ಆ ಹಳೆ ಕುಂಚ. ಬಣ್ಣದಲ್ಲಿ ಅದ್ದಿ, ಬಟ್ಟೆಗೆ ಒರೆಸಿ, ಬಹುತೇಕ ಒಣಗಿದ ಕೂದಲಿನಲ್ಲಿ ಹಾಳೆಯನ್ನು ಸವರಿ. ಕೂದಲು ಕೆದರಿರುವುದರಿಂದ ಮರದ ನಾರು ತಾನಾಗಿ ಮೂಡುತ್ತದೆ. ವೈಯೆತ್ ಕೈಯಲ್ಲಿ ಈ ಒಣ ಕುಂಚದ ಕೆಲಸ ಎಲ್ಲಿಗೆ ಹೋಯಿತು ಅಂತ ನೋಡಿದರೆ ಬೆರಗಾಗುತ್ತದೆ. ಇಡೀ ಗೋಡೆಗೆ ಮಾಡಲು ಹೋಗಬೇಡಿ. ಬೆಳಕು ಓರೆಯಾಗಿ ಬೀಳುವ ಒಂದೆರಡು ಜಾಗ ಸಾಕು.

ಕೊನೆಗೆ ಒಂದೇ ಒಂದು ಚಿಕ್ಕ ವಸ್ತುವನ್ನು ಬೇರೆ ಪುಟದಲ್ಲಿ ದೊಡ್ಡದಾಗಿ ಬರೆಯಿರಿ. ನಾನು ಒಮ್ಮೆ ಬಾಗಿಲಿನ ಚಿಲಕ ಬರೆದೆ. ಕಬ್ಬಿಣದ್ದು, ಬೆರಳಿನಷ್ಟು ಉದ್ದ. ಹಿಡಿಯುವ ತುದಿ ಮಾತ್ರ ನುಣ್ಣಗೆ ಹೊಳೆಯುತ್ತಿತ್ತು, ಉಳಿದದ್ದೆಲ್ಲ ತುಕ್ಕು. ಅದರ ಕೆಳಗೆ ಹಲಗೆಯಲ್ಲಿ ಅರ್ಧಚಂದ್ರದ ಹಾಗೆ ಒಂದು ತೋಡು. ಚಿಲಕ ಏರಿಳಿದು ಏರಿಳಿದು ಮರವನ್ನು ಸವೆಸಿದ್ದು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ಎಷ್ಟು ವರ್ಷವೋ.

ಹೆಜ್ಜೆ 5: ಈಗ ವಾಕ್ಯ

ಕೈ ಒರೆಸಿಕೊಂಡು ಸತ್ಯವೇದ ತೆಗೆಯಿರಿ. ನಿಮ್ಮ ಚಿತ್ರದಲ್ಲಿ ಏನು ಬಂದಿದೆಯೋ ಅದರಿಂದ ಶುರುಮಾಡಿ, ನಿಮಗೆ ಇಷ್ಟವಾದ ವಾಕ್ಯದಿಂದಲ್ಲ.

ಖಾಲಿ ಕಣಜ ಬಂದಿದ್ದರೆ ಲೂಕನ ಸುವಾರ್ತೆಯ 12ನೇ ಅಧ್ಯಾಯ. ಅಲ್ಲಿ ಒಬ್ಬ ಐಶ್ವರ್ಯವಂತ ಇದ್ದಾನೆ. ಬೆಳೆ ಜಾಸ್ತಿಯಾಯಿತು, ಇರುವ ಕಣಜ ಸಾಲದು. ಕೆಡವಿ ಇನ್ನೂ ದೊಡ್ಡದು ಕಟ್ಟುತ್ತೇನೆ ಅನ್ನುತ್ತಾನೆ. ಅವನ ಮಾತುಗಳನ್ನು ಪೆನ್ಸಿಲ್ ಹಿಡಿದು ಓದಿ, ‘ನನ್ನ’ ಎಂದಲ್ಲೆಲ್ಲ ಗುರುತು ಹಾಕಿ. ನನ್ನ ಬೆಳೆ, ನನ್ನ ಕಣಜ, ನನ್ನ ಸರಕು, ಕೊನೆಗೆ ನನ್ನ ಜೀವ. ಅವನು ಮಾತಾಡುವುದೂ ತನ್ನ ಜೊತೆಗೇ, ಎದುರಿಗೆ ಯಾರೂ ಇಲ್ಲ. ಇದನ್ನು ಯೇಸು ಹೇಳಿದ್ದು ಯಾವಾಗ ಅಂತಲೂ ಗಮನಿಸಿ: ಆಸ್ತಿ ಪಾಲು ಮಾಡಿಕೊಡಲು ಅಣ್ಣನಿಗೆ ಹೇಳು ಎಂದು ಗುಂಪಿನಿಂದ ಒಬ್ಬ ಕೇಳಿದಾಗ. ಸ್ವಲ್ಪ ಮುಂದೆ ಹೋದರೆ 24ನೇ ವಚನದಲ್ಲಿ ಕಾಗೆಗಳು ಬರುತ್ತವೆ. ಅವಕ್ಕೆ ಉಗ್ರಾಣವೂ ಇಲ್ಲ, ಕಣಜವೂ ಇಲ್ಲ, ಆದರೂ ದೇವರು ಸಾಕುತ್ತಾನೆ. ಕುಸಿದ ಚಾವಣಿಯ ಮೇಲೆ ಕೂತ ಕಾಗೆಯನ್ನು ಬರೆದಿದ್ದರೆ ಈ ಅಧ್ಯಾಯ ಬಿಟ್ಟು ಬೇರೆಲ್ಲೂ ಹೋಗಬೇಕಿಲ್ಲ.

ಹಾಗಂತ ಕಣಜವೇ ಕೆಟ್ಟದ್ದು ಅಂದುಕೊಳ್ಳಬೇಡಿ. ಆದಿಕಾಂಡ 41ರಲ್ಲಿ ಯೋಸೇಫ ಏಳು ವರ್ಷ ಕಾಳು ಕೂಡಿಟ್ಟ, ಬರ ಬಂದಾಗ ಕಣಜಗಳನ್ನು ತೆರೆದ. ಕೂಡಿಡುವುದು ಎರಡೂ ಕಡೆ ಇದೆ. ಬಾಗಿಲು ತೆರೆದದ್ದು ಒಂದೇ ಕಡೆ. ನೀವು ಬರೆದ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ನೋಡಿಕೊಳ್ಳಿ.

ಎದುರುಬದುರು ಎರಡು ದೊಡ್ಡ ಬಾಗಿಲು ಇದ್ದರೆ ನಡುವಿನ ಜಾಗ ಕಣ. ಎರಡೂ ತೆರೆದರೆ ಗಾಳಿ ಹಾದುಹೋಗಿ ಹೊಟ್ಟು ಹಾರುತ್ತದೆ, ಕಾಳು ಉಳಿಯುತ್ತದೆ. ಮತ್ತಾಯ 3:12ರಲ್ಲಿ ಸ್ನಾನಿಕ ಯೋಹಾನನು ಮೊರದ ಮಾತಾಡುವಾಗ ಇದೇ ಕೆಲಸ ಅವನ ಕಣ್ಣ ಮುಂದಿದೆ. ರೂತಳು ಬೋವಜನ ಹತ್ತಿರ ಹೋದದ್ದು ಕಣಕ್ಕೆ. ದಾವೀದನು ಅರೌನನಿಂದ ಕೊಂಡುಕೊಂಡದ್ದೂ ಒಂದು ಕಣ. 2 ಪೂರ್ವಕಾಲವೃತ್ತಾಂತ 3:1ರ ಪ್ರಕಾರ ಸೊಲೊಮೋನನ ದೇವಾಲಯ ಎದ್ದದ್ದು ಆ ನೆಲದ ಮೇಲೆಯೇ.

ಪೂರ್ತಿ ಬಿದ್ದುಹೋದ ಕೊಟ್ಟಿಗೆಗೆ ಯೋವೇಲ 1:17. ಖಾಲಿ ಕೊಟ್ಟಿಗೆಗೆ ಹಬಕ್ಕೂಕ 3:17-18. ಅಲ್ಲಿ ಅಂಜೂರವಿಲ್ಲ, ಎಣ್ಣೆಮರದ ಫಲವಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ ಎಂದು ಒಂದೊಂದೇ ಇಲ್ಲಗಳನ್ನು ಎಣಿಸಿ ಆಮೇಲೆ “ಆದರೂ” ಎನ್ನುತ್ತಾನೆ ಪ್ರವಾದಿ. ಜಂತೆಯಲ್ಲಿ ಗೂಡು ಇದ್ದರೆ ಕೀರ್ತನೆ 84:3.

ಇನ್ನು ಗೋದಲಿ. ಲೂಕ 2:7 ಬಿಡಿಸಿ ನಿಧಾನವಾಗಿ ಓದಿ. ಮಗುವನ್ನು ಗೋದಲಿಯಲ್ಲಿ ಮಲಗಿಸಿದಳು ಅಂತಿದೆ. ಕೊಟ್ಟಿಗೆ ಎಂಬ ಮಾತೇ ಇಲ್ಲ! ಎತ್ತು, ಕತ್ತೆಯೂ ಇಲ್ಲ. ಅವೆರಡು ಯೆಶಾಯ 1:3ರಿಂದ ನಡೆದು ಬಂದು ಚಿತ್ರಗಳೊಳಗೆ ಸೇರಿಕೊಂಡವು. 1223ರಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೊದಲ್ಲಿ ಹುಲ್ಲು ತುಂಬಿದ ಗೋದಲಿ ಇಟ್ಟು, ನಿಜವಾದ ಎತ್ತು-ಕತ್ತೆ ನಿಲ್ಲಿಸಿ ಕ್ರಿಸ್ಮಸ್ ಆಚರಿಸಿದ. ಉಳಿದ ಕೊಟ್ಟಿಗೆಯನ್ನು ಚಿತ್ರಕಾರರು ಕಟ್ಟಿದರು, ಶತಮಾನಗಟ್ಟಲೆ. ಫ್ಲೆಮಿಶ್ ಚಿತ್ರಕಾರ ಹ್ಯೂಗೊ ವಾನ್ ಡೆರ್ ಗೋಸ್ 1475ರ ಸುಮಾರಿಗೆ ಬರೆದ, ಈಗ ಫ್ಲಾರೆನ್ಸಿನ ಉಫೀಜಿ ಕಲಾಸಂಗ್ರಹಾಲಯದಲ್ಲಿರುವ ಚರ್ಚಿನ ಪೂಜಾ ವೇದಿಕೆಯ ಚಿತ್ರದಲ್ಲಿ ಮುಂದುಗಡೆ ನೆಲದ ಮೇಲೆ ಒಂದು ಗೋಧಿಯ ಕಟ್ಟು ಬಿದ್ದಿದೆ. ಬೇತ್ಲೆಹೇಮ್ ಅಂದರೆ ರೊಟ್ಟಿಯ ಮನೆ. ಅರ್ಥ ತಿಳಿಯದವನಿಗೆ ಅದು ಬರೀ ಗೋಧಿ ಕಟ್ಟಾಗಿಯೂ ಚೆನ್ನಾಗಿದೆ. ಸಂಕೇತ ಅಂದರೆ ಹೀಗಿರಬೇಕು. ನೀವು ಶಿಲುಬೆ ತೂರಿಸುವ ಮೊದಲು ಇದನ್ನೊಮ್ಮೆ ನೋಡಿ.

ಹೆಜ್ಜೆ 6: ಚಿತ್ರದ ಪಕ್ಕ ಐದಾರು ಸಾಲು

ಅರ್ಧ ಪುಟ ಮೀರಬೇಡಿ. ಮೊದಲ ಸಾಲು ಕಣ್ಣಿಗೆ ಕಂಡದ್ದಾಗಿರಲಿ. ಆಮೇಲೆ ಒಂದು ಪ್ರಶ್ನೆ. ಆಮೇಲೆ ವಾಕ್ಯದ ನೆನಪು. ಓದುವವರಿಗೆ ಬುದ್ಧಿ ಹೇಳುವ ಸಾಲು ಬಂದರೆ ಹೊಡೆದುಹಾಕಿ. ನನ್ನ ಪುಸ್ತಕದ ಒಂದು ಪುಟ ಹೀಗಿದೆ:

“ಬಾಗಿಲಿನ ಕೆಳಗಿನ ಹಲಗೆ ಮಾತ್ರ ಹೊಸದು. ಒಳಗೆ ಕಾಯಲು ಏನೂ ಇಲ್ಲ. ಆದರೂ ಯಾರೋ ಬಂದು ಹಲಗೆ ಬದಲಾಯಿಸಿದ್ದಾರೆ, ಯಾಕೆ? ಲೂಕನ ಐಶ್ವರ್ಯವಂತ ತುಂಬಿದ ಕಣಜವನ್ನು ಕೆಡವಲು ಹೊರಟ. ಇವರು ಖಾಲಿ ಕಣಜಕ್ಕೆ ಮೊಳೆ ಹೊಡೆದರು. ಕರ್ತನೇ, ನನ್ನ ಕೈಯಲ್ಲಿರುವುದು ಯಾವ ಸುತ್ತಿಗೆ?”

ಕೊನೆಯ ಸಾಲು ಸ್ವಲ್ಪ ಜಾಸ್ತಿಯಾಯಿತು ಅಂತ ಈಗ ಅನ್ನಿಸುತ್ತದೆ. ಹೊಡೆದುಹಾಕಿಲ್ಲ. ಆ ದಿನ ಬಂದದ್ದು ಅದೇ.

ಏನೂ ಹೊಳೆಯದ ದಿನವೂ ಇರುತ್ತದೆ. ಆಗ ತಾರೀಖು, ಹವೆ, ವಾಕ್ಯದ ಸಂಖ್ಯೆ ಬರೆದು ಪುಸ್ತಕ ಮುಚ್ಚಿ. ಎಳೆದು ತಂದ ಧ್ಯಾನ ಓದುವವರಿಗೆ ಗೊತ್ತಾಗಿಬಿಡುತ್ತದೆ.

ಹೆಜ್ಜೆ 7: ನಾಲ್ಕು ಜನ ಸೇರಿ ಮಾಡುವುದಾದರೆ

ಚರ್ಚಿನ ಸಭೆಯ ಗುಂಪಿಗೆ ಇದು ಚೆನ್ನಾಗಿ ಹೊಂದುತ್ತದೆ, ಆರು ಜನ ಮೀರದಿದ್ದರೆ. ಬರೆಯುವಾಗ ಮಾತು ಬೇಡ. ಮುಗಿದ ಮೇಲೆ ಎಲ್ಲರ ಹಾಳೆಯನ್ನೂ ನೆಲದ ಮೇಲೆ ಹರಡಿ, ತಮ್ಮದನ್ನು ಬಿಟ್ಟು ಇನ್ನೊಬ್ಬರ ಹಾಳೆಯಲ್ಲಿ ಕಂಡದ್ದನ್ನು ಹೇಳಲಿ. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವಂತಿಲ್ಲ. “ನೀನು ಏಣಿ ಬರೆದಿದ್ದೀಯ, ನನಗೆ ಅದು ಕಂಡೇ ಇರಲಿಲ್ಲ” ಎನ್ನುವ ಥರ. ನಡೆಯಲಾಗದವರಿಗೆ ಫೋಟೋ ತಂದುಕೊಡಿ. ಆದರೆ ಒಂದೇ ಫೋಟೋ ಬೇಡ. ದೂರದ್ದು ಒಂದು, ಬಾಗಿಲಿನದು ಒಂದು, ಕಚ್ಚಿನದೋ ಚಿಲಕದ್ದೋ ಒಂದು.

ಹೊರಡುವ ಮೊದಲು ಹಾಳೆಯ ಹಿಂದೆ ತಾರೀಖು, ಗಂಟೆ, ನೀವು ಕೂತ ಜಾಗ ಬರೆದಿಡಿ: ‘ಬೇಲಿಯ ಹತ್ತಿರ, ಬಾಗಿಲು ಎಡಕ್ಕೆ’ ಎಂಬಷ್ಟು ಸಾಕು. ಮುಂದಿನ ಸಲ ಅಲ್ಲೇ ಕೂತರೆ ಚಾವಣಿ ಎಷ್ಟು ಇಳಿದಿದೆ ಎಂದು ಅಳೆಯಬಹುದು. ಚಿತ್ರದ ಒಂದು ಪ್ರತಿಯನ್ನು ಕೊಟ್ಟಿಗೆಯ ಮನೆಯವರಿಗೆ ಕೊಡಿ. ಆ ಚಿಲಕದ ಚಿತ್ರವನ್ನು ನಾನು ಕೊಟ್ಟಾಗ ಮನೆಯ ಹಿರಿಯರು ಅದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೆಬ್ಬೆರಳು ಮಡಚಿ ಗಾಳಿಯಲ್ಲೇ ಚಿಲಕ ಎತ್ತಿ ತೋರಿಸಿದರು. “ಸ್ವಲ್ಪ ಮೇಲಕ್ಕೆತ್ತಿ ಎಳೀಬೇಕು, ಇಲ್ಲದಿದ್ದರೆ ಬರಲ್ಲ” ಎಂದರು.